ಬಸ್ಸಾರಿನಲ್ಲಿ ಉಮ್ಮತ್ತಿ

ನಮ್ಮ ಬೀದಿಯಲ್ಲಿ ನನ್ನನ್ನು ಈಗಲೂ ‘ಮಿಸ್’ ಎಂದೇ ಕರೆಯುತ್ತಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಚಂದ್ರಾ ಲೇಔಟಿನ ಈ ಬೀದಿಯ ಅರ್ಧ ಮಕ್ಕಳು ನನ್ನ ಕೈಲಿ ಬೈಸಿಕೊಂಡೇ ದೊಡ್ಡವರಾದವರು. ಯಾರ ಮನೆಯ ಕುಂಡದಲ್ಲಿ ಏನು ಚಿಗುರಿದರೂ ಅದರ ಹೆಸರು, ಕುಟುಂಬ, ಗುಣ, ಅವಗುಣ ಎಲ್ಲವನ್ನೂ ಕೇಳದೆಯೇ ಹೇಳುವ ಚಟ ನನ್ನದು. ಅಂಥ ನಾನು ನನ್ನ ಕೈಯಾರೆ ಉಮ್ಮತ್ತಿ ಸೊಪ್ಪು ಕಿತ್ತು ತಂದು, ತೊಳೆದು, ಬಸ್ಸಾರು ಮಾಡಿ, ಉಂಡು, ಒಂದು ಮಧ್ಯಾಹ್ನ ಪೂರ್ತಿ ಬುದ್ಧಿ ಕಳೆದುಕೊಂಡೆ. ಇದನ್ನು ಕೇಳಿದವರು ನಗುತ್ತಾರೆ. ನಗಲಿ. ನಾನು ತಲೆ ತಗ್ಗಿಸುವುದು ಅದಕ್ಕಲ್ಲ.

ಮೊದಲು ಸೊಸೆಯ ವಿಷಯ ಹೇಳಬೇಕು. ಅವಳು ಬ್ಯಾಂಕಿನಲ್ಲಿ ಆಫೀಸರ್. ದಲಿತರ ಮನೆಯ ಹುಡುಗಿ. ಅವಳ ಅಪ್ಪ ಸರ್ಕಾರಿ ಕೆಲಸದಲ್ಲಿದ್ದು ಕೆಂಗೇರಿಯಲ್ಲಿ ಮನೆ ಕಟ್ಟಿಕೊಂಡವರು. ನಾವು ನಾಗರಬಾವಿ ಆಚೆಯ ಹಳ್ಳಿಯ ಒಕ್ಕಲು ಮನೆತನದವರು. ಹೊಲಗಳೆಲ್ಲ ಸೈಟುಗಳಾದ ಮೇಲೆ ಈ ಕಡೆ ಬಂದು ಮನೆ ಕಟ್ಟಿಸಿದೆವು. ಮಗ ಈ ಹುಡುಗಿಯ ಹೆಸರು ಹೇಳಿದಾಗ ನಮ್ಮ ಮನೆಯವರು ಊಟ ಬಿಟ್ಟು ಕೂತರು. ನೆಂಟರು ಫೋನಿನ ಮೇಲೆ ಫೋನು ಮಾಡಿದರು. ನಾನು ಮಾತ್ರ ಸೊಂಟ ಕಟ್ಟಿ ನಿಂತೆ. ಅಷ್ಟು ವರ್ಷ ಮಕ್ಕಳಿಗೆ ರಕ್ತದ ಗುಂಪಿನ ಪಾಠ ಮಾಡಿದವಳು ಈಗ ಜಾತಿ ಕೇಳಲೇ ಎಂದು ಎಲ್ಲರ ಬಾಯಿ ಮುಚ್ಚಿಸಿದೆ. ಮದುವೆ ಮಾಡಿಸಿದೆ. ಬೀಗರ ಮನೆಯಲ್ಲಿ ಕೂತು ಹೊಟ್ಟೆ ತುಂಬ ಉಂಡು ಬಂದೆ. ಉಂಡೆ ಎಂಬುದನ್ನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಬೇರೆ ಯಾವ ನೆಂಟರ ಮನೆಯಲ್ಲಿ ಉಂಡದ್ದನ್ನೂ ನಾನು ಹಾಗೆ ಹೇಳಿಕೊಂಡವಳಲ್ಲ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಮದುವೆಯಾದ ಮೇಲೆ ಅವರು ಕೆಂಗೇರಿಯಲ್ಲೇ, ಅವಳ ತವರಿಗೆ ಹತ್ತಿರ, ಬಾಡಿಗೆ ಮನೆ ಹಿಡಿದರು. ಅವಳು ಬಸುರಿ ಎಂದು ತಿಳಿದ ದಿನದಿಂದ ನನಗೆ ಒಂದೇ ಹಟ ಹಿಡಿಯಿತು: ಮೊಮ್ಮಗು ನಮ್ಮ ಮನೆಯ ಮೇಲಿನ ಪೋರ್ಷನ್ನಿನಲ್ಲಿ ಬೆಳೆಯಬೇಕು. ಅಲ್ಲಿದ್ದ ಬಾಡಿಗೆಯವರನ್ನು ಬಿಡಿಸಿದೆ. ಮಗನಿಗೆ ಒಪ್ಪಿಗೆಯಿತ್ತು, ಅವಳಿಗೆ ಹಿಂಜರಿಕೆ. ನಾನು ಬಿಡಲಿಲ್ಲ. ಅಡುಗೆಮನೆ ನಿನ್ನದೇ, ಕೀಲಿ ನಿನ್ನದೇ, ನಾನು ಕರೆಯದೆ ಮೆಟ್ಟಿಲು ಹತ್ತುವುದಿಲ್ಲ ಎಂದೆಲ್ಲ ಗೋಗರೆದೆ. ಕೊನೆಗೆ ಒಂದು ದಿನ ಅವಳು ಬಂದು ಗೋಡೆಗೆ ಬಣ್ಣ ಆರಿಸಿದಳು. ತಿಳಿಹಸಿರು. ಆ ಬಣ್ಣ ಹೊಡೆಸಿ, ಕಿಟಕಿಗಳಿಗೆ ಸೊಳ್ಳೆ ಪರದೆ ಹಾಕಿಸಿ, ಅವರು ಬರುವುದನ್ನೇ ಕಾಯುತ್ತಿದ್ದೆ.

ಹೀಗಿರುವಾಗ ಅವಳಿಗೆ ಬೆರಕೆ ಸೊಪ್ಪಿನ ಬಸ್ಸಾರು ತಿನ್ನುವ ಬಯಕೆಯಾಯಿತು. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ತಾನಾಗಿ ಹುಟ್ಟುವ ಹತ್ತಾರು ಬಗೆಯ ಸೊಪ್ಪನ್ನು ಒಟ್ಟಿಗೆ ಕಿತ್ತು ಮಾಡುವ ಅಡುಗೆ ಅದು. ಅಣ್ಣೆ, ಗಣಿಕೆ, ಮುಳ್ಳುದಂಟು, ಹೊನಗೊನ್ನೆ, ಹೆಸರಿಲ್ಲದ ಇನ್ನಷ್ಟು. ಅಂಗಡಿಯಲ್ಲಿ ಕಟ್ಟು ಕಟ್ಟಿ ಮಾರುವುದನ್ನು ನಾವು ಬೆರಕೆ ಎನ್ನುವುದಿಲ್ಲ. ನಮ್ಮಜ್ಜಿಯ ಜೊತೆ ಹೊಲ ಸುತ್ತಿ ಕಲಿತ ವಿದ್ಯೆ ನನ್ನದು, ಸೊಸೆಗೆ ತೋರಿಸದೆ ಇರಲಾದೀತೇ? ಭಾನುವಾರ ಊಟಕ್ಕೆ ಬನ್ನಿ ಎಂದು ಹೇಳಿ, ಬೆಳಿಗ್ಗೆ ಒಂದು ಬಟ್ಟೆ ಚೀಲ ಹಿಡಿದು ನಾಗರಬಾವಿ ಕಡೆಯ ಖಾಲಿ ಸೈಟುಗಳಿಗೆ ಹೋದೆ.

ಹಿಂದಿನ ವಾರ ಮಳೆಯಾಗಿತ್ತು. ಕಟ್ಟಡದ ಕಲ್ಲುಮಣ್ಣಿನ ನಡುವೆ ಸೊಪ್ಪು ಹುಲುಸಾಗಿ ಎದ್ದಿತ್ತು. ಉಮ್ಮತ್ತಿಯನ್ನು ಯಾರೂ ತಪ್ಪು ತಿಳಿಯುವುದಿಲ್ಲ, ಅದು ಹೂ ಬಿಟ್ಟಿದ್ದರೆ. ಕಹಳೆಯಂಥ ಹೂವು, ಮುಳ್ಳುಕಾಯಿ. ಶಿವರಾತ್ರಿಗೆ ಈಶ್ವರನ ಮುಂದೆ ಇಟ್ಟಿರುತ್ತಾರೆ, ಮಕ್ಕಳಿಗೆ ಮುಟ್ಟಬೇಡಿ ಎಂದು ನಾನೇ ವರ್ಷಾವರ್ಷ ಹೇಳುತ್ತಿದ್ದೆ. ಆದರೆ ಎಳೆಯ ಗಿಡ, ಹೂವಿಲ್ಲದ್ದು, ಗಣಿಕೆಯ ಪಕ್ಕದಲ್ಲಿ ನಿಂತರೆ ಅಕ್ಕತಂಗಿಯರ ಹಾಗೆ ಕಾಣುತ್ತದೆ. ಎರಡೂ ಬದನೆಯ ಕುಟುಂಬವೇ. ಅದಕ್ಕೇ ನಮ್ಮಜ್ಜಿ ಪ್ರತಿ ಚಿಗುರನ್ನೂ ಹಿಸುಕಿ, ಮೂಸಿ, ಆಮೇಲೆ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಉಮ್ಮತ್ತಿ ಹಿಸುಕಿದರೆ ಕೆಟ್ಟ ವಾಸನೆ ಬರುತ್ತದೆ. ನಾನು ಮೂಸಲಿಲ್ಲ. ಒಂದು ಕೈಲಿ ಸೊಪ್ಪು ಕೀಳುತ್ತ ಇನ್ನೊಂದು ಕೈಲಿ ಮೊಬೈಲ್ ಹಿಡಿದು ಸೊಸೆಗೆ ಫೋಟೋ ಕಳಿಸುತ್ತಿದ್ದೆ. ಅವಳು ಹೃದಯದ ಚಿತ್ರ ಕಳಿಸಿದಳು. ಇನ್ನಷ್ಟು ಕಿತ್ತೆ.

ಬಸ್ಸಾರು ಮಾಡುವ ಕ್ರಮ ಗೊತ್ತಿರುವವರಿಗೆ ಮುಂದಿನದು ಅರ್ಥವಾಗುತ್ತದೆ. ಬೇಳೆ, ಸೊಪ್ಪು ಒಟ್ಟಿಗೆ ಬೇಯಿಸಿ ನೀರನ್ನು ಬಸಿದುಕೊಳ್ಳುತ್ತೇವೆ. ಬಸಿದ ಆ ನೀರೇ ಕಟ್ಟು, ಅದಕ್ಕೆ ಖಾರ ಅರೆದು ಹಾಕಿದರೆ ಸಾರು. ಉಳಿದ ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಸೊಪ್ಪಿನ ವಿಷ ಬಹುಪಾಲು ಆ ಕಟ್ಟಿಗೆ ಇಳಿದಿತ್ತು. ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟವಾಗಬೇಕು. ಮಗ ಸೊಸೆ ಮೈಸೂರು ರಸ್ತೆಯಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೇವೆ, ಕಾಯಬೇಡಿ ಎಂದು ಫೋನು ಮಾಡಿದರು. ಇವರು ಚಪಾತಿಗೆ ಪಲ್ಯ ಹಚ್ಚಿಕೊಂಡು ತಿಂದರು. ನಾನು ಮುದ್ದೆಯನ್ನು ಸಾರಿನಲ್ಲಿ ಮುಳುಗಿಸಿ ಉಂಡು, ರುಚಿಯಾಗಿದೆ ಎಂದು ಒಂದು ಲೋಟ ಸಾರನ್ನು ಹಾಗೇ ಕುಡಿದೆ. ಸೊಸೆಯ ಪಾಲನ್ನು ಮುಚ್ಚಿಟ್ಟೆ.

ಸ್ವಲ್ಪ ಹೊತ್ತಿಗೆ ಬಾಯಿ ಒಣಗಿತು. ನೀರು ಕುಡಿದರೂ ನಾಲಿಗೆ ಮರದ ತುಂಡಿನಂತೆ ಒಳಗೆ ಅಂಟಿಕೊಂಡಿತ್ತು. ಪೇಪರು ಹಿಡಿದರೆ ಅಕ್ಷರ ಕಲಸಿಹೋಗಿತ್ತು. ಮುಖ ಕಾದ ಹೆಂಚಾಗಿತ್ತು. ಆಮೇಲಿನದು ತುಂಡು ತುಂಡು ನೆನಪು. ಮೊಸಾಯಿಕ್ ನೆಲದ ಚುಕ್ಕಿಗಳು ರಾಗಿ ಕಾಳುಗಳಾಗಿ ಹರಿದಾಡುತ್ತಿದ್ದವು, ನಾನು ಆರಿಸಿ ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದೆ. ಫ್ರಿಜ್ಜಿನ ಪಕ್ಕ ನಮ್ಮಜ್ಜಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸತ್ತು ಎಷ್ಟೋ ಕಾಲವಾದ ಅಜ್ಜಿ. ನನಗೆ ಆಶ್ಚರ್ಯವೇ ಆಗಲಿಲ್ಲ. ಕನಸಿನಲ್ಲಾದರೂ ಒಂದು ಮೂಲೆಯಲ್ಲಿ ಇದು ಕನಸಿರಬಹುದೆಂಬ ಗುಮಾನಿ ಇರುತ್ತದೆ. ಇಲ್ಲಿ ಆ ಗುಮಾನಿ ಸುಳಿಯಲೇ ಇಲ್ಲ. ನಮ್ಮ ನಡುಮನೆ ಹಳ್ಳಿಯ ಮನೆಯ ಜಗಲಿಯಾಗಿತ್ತು. ಜಗಲಿಯ ಕೆಳಗೆ ಅಂಗಳದ ಬಿಸಿಲಿನಲ್ಲಿ ಯಾರೋ ನಿಂತಿದ್ದರು. ಅಲ್ಲಿಗೆ ನೆನಪು ಕಡಿದುಹೋಗುತ್ತದೆ. ಮತ್ತೆ ಶುರುವಾಗುವುದು ನರ್ಸಿಂಗ್ ಹೋಮಿನ ಮಂಚದ ಮೇಲೆ.

ನಡುವೆ ಆದದ್ದನ್ನು ಬೇರೆಯವರ ಬಾಯಿಂದಲೇ ಕೇಳಬೇಕು. ಬುದ್ಧಿ ತಪ್ಪಿದವರ ಪಾಡು ಅದು: ಆಡಿದವರು ನಾವು, ನೋಡಿದವರು ಊರೆಲ್ಲ. ಮಗ ಸೊಸೆ ಬಂದಾಗ ನಮ್ಮ ಮನೆಯವರು ಅರೆಮಂಪರಿನಲ್ಲಿ ಗೋಡೆ ಹಿಡಿದು ನಿಂತಿದ್ದರಂತೆ. ಸೊಸೆ ಪಕ್ಕದ ಮನೆಯವರನ್ನು ಕೂಗಿದಳಂತೆ. ನನ್ನ ಕಣ್ಣಿನ ಪಾಪೆ ಅಗಲವಾಗಿರುವುದನ್ನು ನೋಡಿ, ಏನು ತಿಂದಿರಬಹುದೆಂದು ಅಡುಗೆಮನೆಗೆ ಹೋಗಿ, ಉಳಿದಿದ್ದ ಹಸಿ ಸೊಪ್ಪನ್ನು ಕವರಿನಲ್ಲಿ ತುಂಬಿಕೊಂಡದ್ದೂ ಅವಳೇ. ಡಾಕ್ಟರಿಗೆ ಆ ಕವರು ಸಾಕಾಯಿತು. ಬಸುರಿ ಹುಡುಗಿ ಕಾರಿನಲ್ಲಿ ನನ್ನನ್ನು ಅಪ್ಪಿ ಹಿಡಿದು ಕೂತಿದ್ದಳು. ನಾನು ಬಾಗಿಲು ತೆಗೆದು ಇಳಿಯಲು ಎಳೆದಾಡುತ್ತಿದ್ದೆನಂತೆ.

ಎಚ್ಚರ ಬಂದ ಮೇಲೆ ಮೊದಲು ಕೇಳಿದ್ದು ಅವಳು ಸಾರು ಉಂಡಳೇ ಎಂದು. ಉಂಡಿರಲಿಲ್ಲ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳದೆ ಹೊತ್ತಿಗೆ ಸರಿಯಾಗಿ ಬಂದಿದ್ದರೆ ನಾನೇ ಅವಳ ತಟ್ಟೆಗೆ ಸುರಿದು, ಇನ್ನೊಂದು ಸೌಟು ಹಾಕಿಕೋ ಎನ್ನುತ್ತಿದ್ದೆ. ಹೊಟ್ಟೆಯಲ್ಲಿರುವ ಮಗುವನ್ನು ಕೊಲ್ಲುವ ಸಾರನ್ನು ಪ್ರೀತಿಯಿಂದ ಮುಚ್ಚಿಟ್ಟ ಅತ್ತೆ ನಾನು. ನಾಚಿಕೆ ಎಂದರೆ ಇದೇ, ಇದಕ್ಕಿಂತ ದೊಡ್ಡದು ಇನ್ನೇನಿದೆ ಎಂದುಕೊಂಡಿದ್ದೆ.

ಮನೆಗೆ ಬಂದ ಮೇಲೆ ಎಲ್ಲರಿಗೂ ನಾನೊಂದು ತಮಾಷೆಯಾದೆ. ಮಗ ನನ್ನ ಆಟವನ್ನೆಲ್ಲ ಮಾಡಿ ತೋರಿಸುತ್ತಿದ್ದ. ಹೋಂವರ್ಕ್ ತಂದಿಲ್ಲವೆಂದು ನಾನು ನಮ್ಮ ಮನೆಯವರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆನಂತೆ. ಅವರೂ ವಿಧೇಯತೆಯಿಂದ ನಿಂತಿದ್ದರಂತೆ. ಪರದೆಯ ಮೇಲಿನ ಹೂವುಗಳನ್ನು ಕೀಳಲು ನೋಡಿದೆನಂತೆ. ಡ್ರಿಪ್ ಹಾಕಲು ಬಂದ ನರ್ಸಿಗೆ ಬದನೆ ಕುಟುಂಬದ ಲಕ್ಷಣಗಳನ್ನು ಹೇಳೆಂದು ಪ್ರಶ್ನೆ ಕೇಳಿದೆನಂತೆ. ಕೇಳಿ ನನಗೂ ನಗು. ಬುದ್ಧಿ ಹೋದರೂ ಪಾಠ ಹೋಗಲಿಲ್ಲ ನೋಡಿ ಎಂದು ಬೀದಿಯವರ ಮುಂದೆ ನಾನೇ ಹೇಳಿಕೊಂಡೆ. ಸೊಸೆಯೂ ನಗುತ್ತಿದ್ದಳು. ನಾನು ಅವಳಿಗೆ ಏನಾದರೂ ಅಂದೆನೇ ಎಂದು ಕೇಳಿದರೆ, ಇಲ್ಲ ಅತ್ತೆ, ಏನೇನೋ ಕನವರಿಸುತ್ತಿದ್ದಿರಿ ಎಂದು ಹೇಳಿ ಏನೋ ಕೆಲಸ ನೆನಪಾದವಳಂತೆ ಎದ್ದು ಹೋಗುತ್ತಿದ್ದಳು.

ಮನೆ ಬದಲಾಯಿಸುವ ಮಾತು ಮಾತ್ರ ಮುಂದಕ್ಕೆ ಹೋಗುತ್ತಾ ಹೋಯಿತು. ಮೊದಲು ಆಡಿಟ್ ಮುಗಿಯಲಿ ಎಂದಳು. ಆಮೇಲೆ ಅಮ್ಮನಿಗೆ ಹುಷಾರಿಲ್ಲ ಎಂದಳು. ಆಮೇಲೆ ಹೆರಿಗೆಯಾಗಿ ಬಾಣಂತನ ಮುಗಿಯಲಿ ಎಂದಳು. ನಾನು ಒಳಗೊಳಗೇ ಸಿಡುಕಿದೆ. ಬಣ್ಣ ಆರಿಸಿದವಳು ಅವಳೇ ಅಲ್ಲವೇ, ಈಗ ಇದೇನು ನಾಟಕ ಎಂದು ಮಗನ ಹತ್ತಿರ ಗೊಣಗಿದೆ. ಸೊಪ್ಪಿನ ಭಯವಿದ್ದರೆ ನಾನು ಅವಳಿಗೆ ಅಡುಗೆಯನ್ನೇ ಮಾಡುವುದಿಲ್ಲ ಎಂದೂ ಹೇಳಿ ಕಳಿಸಿದೆ. ಸಂದಣಿಯಲ್ಲಿ ಕಾಲು ತುಳಿದವರೇ ದಾರಿ ಬಿಡಿ ಎಂದು ಬೈಯುತ್ತಾರಲ್ಲ, ನನ್ನ ಸಿಡುಕು ಆ ಬಗೆಯದು.

ನಿಜ ಹೇಳಿದವರು ಪಕ್ಕದ ಮನೆಯಾಕೆ. ಅವರೂ ನಮ್ಮ ಜಾತಿಯವರೇ, ನನಗಿಂತ ಸ್ವಲ್ಪ ಚಿಕ್ಕವರು. ಕಾಂಪೌಂಡಿನ ಆಚೆ ಬಟ್ಟೆ ಒಣಗಿಸುತ್ತಿದ್ದರು. ಸೊಸೆ ಬರುವುದನ್ನು ಮುಂದಕ್ಕೆ ಹಾಕುತ್ತಿದ್ದಾಳೆ ಎಂದು ನಾನು ದೂರಿದೆ. ಅವರು ಬಾಯಲ್ಲಿದ್ದ ಕ್ಲಿಪ್ಪು ತೆಗೆದು ಮೆಲ್ಲಗೆ ಹೇಳಿದರು. ಆ ದಿನ ಮಗ ಕಾರು ತಿರುಗಿಸಲು ಹೊರಗೆ ಹೋಗಿದ್ದನಂತೆ. ನಾನು ನೀರು, ನೀರು ಎಂದು ಗಂಟಲು ಹಿಡಿದುಕೊಂಡಿದ್ದೆನಂತೆ. ಸೊಸೆ ಓಡಿಹೋಗಿ ಲೋಟದಲ್ಲಿ ನೀರು ತಂದು ನನ್ನ ಬಾಯಿಗೆ ಹಿಡಿಯಲು ಬಗ್ಗಿದಳಂತೆ. ನಾನು ಹಿಂದಕ್ಕೆ ಸರಿದು, ಕಾಲು ಮೇಲಕ್ಕೆಳೆದುಕೊಂಡು ಅಂದದ್ದು ಇದು:

“ಲೋಟ ಮುಟ್ಬಿಟ್ಯಾ? ಕೆಳಗಿಳಿ ಮೊದ್ಲು. ನಿನ್ ಕೈನೀರು ಕುಡಿಯೋ ಗತಿ ನಮಗಿನ್ನೂ ಬಂದಿಲ್ಲ.”

ಅವಳು ಇನ್ನೊಮ್ಮೆ ಹಿಡಿದಳಂತೆ, ಅತ್ತೆ ನಾನು ಎಂದಳಂತೆ. ನಾನು ಲೋಟವನ್ನು ತಳ್ಳಿದೆನಂತೆ. ನೀರೆಲ್ಲ ಅವಳ ಮೈಮೇಲೆ. ಆಮೇಲೆ ಈ ಪಕ್ಕದ ಮನೆಯಾಕೆ ತಮ್ಮ ಮನೆಯಿಂದ ಚೊಂಬು ತಂದುಕೊಟ್ಟಾಗ ಗಟಗಟ ಕುಡಿದೆನಂತೆ. ಅದನ್ನು ಹೇಳುವಾಗ ಅವರ ದನಿಯಲ್ಲಿ ಸಣ್ಣದೊಂದು ಹೆಮ್ಮೆ ಇದ್ದದ್ದು ನನಗೆ ಕೇಳಿಸಿತು. ನನ್ನ ಮುಖ ನೋಡಿ ಸಮಾಧಾನ ಮಾಡಲು ಇನ್ನೊಂದು ಮಾತು ಸೇರಿಸಿದರು: “ಬಿಡಿ ಮಿಸ್, ಎಷ್ಟ್ ಓದಿದ್ರೂ ರಕ್ತದಲ್ಲಿರೋದು ಎಲ್ಲಿಗ್ ಹೋಗುತ್ತೆ.”

ನಾನು ಒಳಗೆ ಬಂದು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಕೂತೆ. ನಲ್ಲಿ ತಿರುಗಿಸಿ ಬಿಟ್ಟೆ, ಅಳು ಹೊರಗೆ ಕೇಳಬಾರದೆಂದು. ಆ ಮಾತು ನನ್ನದಲ್ಲ ಎಂದುಕೊಳ್ಳಲು ನೋಡಿದೆ. ನನ್ನದಲ್ಲ, ನಿಜ; ನಮ್ಮಜ್ಜಿಯದು. ಚಿಕ್ಕವಳಿದ್ದಾಗ ಜಗಲಿಯ ಮೇಲೆ ಕೂತು ಅದನ್ನು ಎಷ್ಟು ಸಲ ಕೇಳಿದ್ದೆನೋ. ಕಳೆ ಕೀಳಲು ಬಂದ ಹೆಂಗಸರು ಅಂಗಳದಲ್ಲಿ ಬೊಗಸೆ ಒಡ್ಡಿ ಬಗ್ಗಿದರೆ, ಅಜ್ಜಿ ಚೊಂಬನ್ನು ಎತ್ತರಕ್ಕೆ ಹಿಡಿದು ನೀರು ಬಿಡುತ್ತಿದ್ದರು. ಮುಂದೆ ಅಜ್ಜಿಗೆ ಮಂಡಿನೋವು ಬಂದ ಮೇಲೆ ಆ ಕೆಲಸ ನನಗೆ ಬಂತು. ಅವರ ಬೊಗಸೆಯಿಂದ ಸಿಡಿದ ಹನಿ ನನ್ನ ಕಾಲಿಗೆ ತಾಗಬಾರದೆಂದು ಹಿಂದೆ ಸರಿದು ನಿಲ್ಲುವುದನ್ನೂ ಕಲಿತಿದ್ದೆ. ಸೊಪ್ಪು ಗುರುತಿಸಲು ಹೇಳಿಕೊಟ್ಟ ಅಜ್ಜಿಯೇ ಇದನ್ನೂ ಹೇಳಿಕೊಟ್ಟರು. ಮೂಸಿ ನೋಡುವುದನ್ನು ಮರೆತೆ. ಇದನ್ನು ಮರೆತಿರಲಿಲ್ಲ.

ಕಣ್ಣು ಪರೀಕ್ಷೆಗೆ ಮತ್ತೆ ಹೋದಾಗ ಡಾಕ್ಟರನ್ನು ಕೇಳಿದೆ. ಆಕೆ ಚಿಕ್ಕ ವಯಸ್ಸಿನವಳು, ನನ್ನ ಶಿಷ್ಯೆಯಾಗಬಹುದಾದವಳು. ಉಮ್ಮತ್ತಿಯ ಮತ್ತಿನಲ್ಲಿ ಆಡಿದ ಮಾತಿಗೆ ಅರ್ಥವಿರುತ್ತದೆಯೇ ಎಂದೆ. ಅರ್ಥ ಹುಡುಕಬೇಡಿ ಮೇಡಂ ಎಂದಳು. ಮಿದುಳಿಗೆ ಹೋಗಬೇಕಾದ ಸುದ್ದಿಯನ್ನು ಆ ವಿಷ ತಡೆದುಬಿಡುತ್ತದೆ, ಎದುರಿಗಿರುವುದು ಕಾಣುವುದಿಲ್ಲ, ಇಲ್ಲದ್ದು ಕಾಣುತ್ತದೆ, ಒಬ್ಬೊಬ್ಬರು ಹಾವು ನೋಡುತ್ತಾರೆ, ಒಬ್ಬೊಬ್ಬರು ಸತ್ತವರನ್ನು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು. ಒಳ್ಳೆಯ ಹುಡುಗಿ. ಆದರೆ ನಾನೂ ವಿಜ್ಞಾನ ಓದಿದವಳು. ಎದುರಿಗಿದ್ದ ಸೊಸೆಯನ್ನು ಅಳಿಸಿದ್ದು ಗಿಡವೇ ಇರಬಹುದು. ಆ ಜಾಗಕ್ಕೆ ಅಂಗಳದ ಕೂಲಿ ಹೆಂಗಸನ್ನು ತಂದು ನಿಲ್ಲಿಸಿದ್ದು ಗಿಡವಲ್ಲ. ಹಾವು ಕಾಣಬಹುದಿತ್ತು, ದೆವ್ವ ಕಾಣಬಹುದಿತ್ತು. ನನಗೆ ಅವಳ ಕೈಯ ಲೋಟ ಕಂಡಿತು. ಮತ್ತು ಆ ಮತ್ತಿನಲ್ಲಿ ಎದುರಿಗಿದ್ದವರಲ್ಲಿ ಯಾರ ನೀರು ಕುಡಿಯಬಹುದು, ಯಾರದು ಕೂಡದು ಎಂಬ ಲೆಕ್ಕ ಮಾತ್ರ ಒಂದಿಷ್ಟೂ ತಪ್ಪಿರಲಿಲ್ಲ.

ಕೆಂಗೇರಿಗೆ ಹೋದೆ. ಮಗ ಆಫೀಸಿಗೆ ಹೋಗಿರುವ ಹೊತ್ತು ನೋಡಿಕೊಂಡು, ಮೆಟ್ರೋ ಹತ್ತಿ, ಒಬ್ಬಳೇ. ಸೊಸೆ ರಜೆಯಲ್ಲಿದ್ದಳು. ಅವಳಮ್ಮನೂ ಅಲ್ಲೇ ಇದ್ದರು. ಬನ್ನಿ ಬನ್ನಿ ಎಂದು ಎದ್ದು ಕಾಫಿ ಮಾಡಿ ತಂದರು. ನಾನು ಎರಡೂ ಕೈ ಚಾಚಿ ಲೋಟ ತೆಗೆದುಕೊಂಡೆ, ಬಿಸಿಯಿದ್ದಾಗಲೇ ಕುಡಿದೆ, ಚೆನ್ನಾಗಿದೆ ಎಂದೆ, ಇನ್ನೂ ಅರ್ಧ ಲೋಟ ಕೇಳಿ ಹಾಕಿಸಿಕೊಂಡೆ. ಸೊಸೆ ನನ್ನನ್ನೇ ನೋಡುತ್ತಿದ್ದಳು. ನಾನು ಮಾಡುತ್ತಿರುವುದು ಕಾಫಿ ಕುಡಿಯುವ ಪ್ರದರ್ಶನ ಎಂದು ಅವಳಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅವಳಮ್ಮ ಒಳಗೆ ಹೋದ ಮೇಲೆ, ನನಗೆ ಗೊತ್ತಾಗಿದೆ ಎಂದೆ. ಯಾರು ಹೇಳಿದರು ಎಂದು ಅವಳು ಕೇಳಲಿಲ್ಲ. ನಾನು ಕ್ಷಮೆ ಕೇಳಿದೆ. ನನಗೆ ಎಚ್ಚರವಿರಲಿಲ್ಲ, ಎಚ್ಚರವಿದ್ದಾಗ ಅಂಥ ಮಾತು ನನ್ನ ಬಾಯಲ್ಲಿ ಎಂದಾದರೂ ಬಂದಿದೆಯೇ ಎಂದು ಕೇಳಿದೆ. ಹೇಳುತ್ತಾ ಹೇಳುತ್ತಾ ಅದು ಕ್ಷಮೆಯಿಂದ ವಕಾಲತ್ತಿಗೆ ತಿರುಗಿತು; ನಾನು ಮದುವೆಗೆ ಹೋರಾಡಿದ್ದು, ನೆಂಟರ ಜೊತೆ ಜಗಳವಾಡಿದ್ದು ಎಲ್ಲ ಬಂತು. ಅವಳು ತಡೆಯಲಿಲ್ಲ. ಮುಗಿಯುವವರೆಗೂ ಕೇಳಿದಳು. ತಾನು ಗಂಡನಿಗೆ ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ, ಹೇಳುವುದೂ ಇಲ್ಲ ಎಂದಳು. ಮಗುವನ್ನು ಕರೆದುಕೊಂಡು ಬರುತ್ತೇವೆ, ಹೋಗುತ್ತೇವೆ, ಅದಕ್ಕೇನೂ ತೊಂದರೆಯಿಲ್ಲ ಎಂದಳು.

“ಹಾಗಾದ್ರೆ ಮನೆಗೆ ಬಾರಮ್ಮ,” ಎಂದೆ. “ಕೋಪ ಬಿಟ್ಬಿಡು.”

“ಕೋಪ ಇಲ್ಲ ಅತ್ತೆ,” ಎಂದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. “ಎಚ್ಚರ ಇರೋವಾಗ ನೀವು ಎಷ್ಟ್ ಒಳ್ಳೇವ್ರು ಅಂತ ನಂಗ್ ಗೊತ್ತು. ಆದ್ರೆ ನಿಮಗೂ ವಯಸ್ಸಾಗುತ್ತೆ. ಎಲ್ಲಾರ್ಗೂ ಬರೋ ಥರ ಮರೆವು ಬರ್ಬೋದು. ಆಗ ಮೇಲಿನ್ ಮನೇಲಿರೋಳು ನಾನೇ, ನಿಮ್ಮನ್ನ ನೋಡ್ಕೋಬೇಕಾದವಳೂ ನಾನೇ. ಆವತ್ತು ನಾನು ನೀರ್ ತಂದ್ರೆ ನೀವು ಕುಡೀತೀರಾ?”

ಕುಡಿಯುತ್ತೇನೆ ಎಂದು ಮಾತು ಕೊಡಬೇಕೆಂದು ಬಾಯಿ ತೆರೆದೆ. ಆ ದಿನ ಹಾಸಿಗೆಯಲ್ಲಿರುವವಳು ಯಾರೋ, ಅವಳ ಪರವಾಗಿ ಮಾತು ಕೊಡುವ ಧೈರ್ಯ ನನಗೆ ಬರಲಿಲ್ಲ. ಅವಳು ನನ್ನ ಉತ್ತರಕ್ಕೆ ಕಾದಳು, ನಿಜವಾಗಿಯೂ ಕಾದಳು, ಆಮೇಲೆ ಎದ್ದು ಖಾಲಿ ಲೋಟಗಳನ್ನು ಒಳಗೆ ತೆಗೆದುಕೊಂಡು ಹೋದಳು.

ಮರುದಿನ ಮೇಲಿನ ಮನೆ ಬಾಡಿಗೆಗಿದೆ ಎಂದು ನಾನೇ ರಟ್ಟಿನ ಮೇಲೆ ಬರೆದು ಗೇಟಿಗೆ ಕಟ್ಟಿದೆ. ಯಾಕೆ ಎಂದು ನಮ್ಮ ಮನೆಯವರು ಕೇಳಿದರು. ಅವರಿಗೆ ಕೆಂಗೇರಿಯೇ ಅನುಕೂಲವಂತೆ ಎಂದೆ.